ಯಾವ ಪದ? ಯಾರಿಗೆ?

‘ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರ್ ಚಿಕ್ಕಮಗಳೂರ್.’

1978ರ ಉಪಚುನಾವಣೆಗೆ ಇಂದಿರಾ ಗಾಂಧಿ ನಮ್ಮ ಜಿಲ್ಲೆಯಿಂದ ನಿಂತಾಗ ಕೇಳಿಬಂದ ಘೋಷಣೆ ಇದು. ಪಿಯುಸಿಯಲ್ಲಿ ಒಂದು ಶನಿವಾರ ಕನ್ನಡ ಮೇಡಂ ಇದನ್ನು ಬೋರ್ಡ್ ಮೇಲೆ ಬರೆದರು. “ವೋಟು ಯಾಕೆ ಹಾಕಬೇಕು ಅಂತ ಇದರಲ್ಲಿ ಎಲ್ಲಿದೆ, ಹುಡುಕಿ” ಅಂದರು. ಎಷ್ಟು ಹುಡುಕಿದರೂ ಸಿಗಲಿಲ್ಲ. ಒಂದು ಹೆಣ್ಣುಹುಲಿ, ನೂರು ಮುಸಿಯ, ಕೊನೆಗೆ ನಮ್ಮೂರ ಹೆಸರು. ‘ಲಂಗೂರ್’ಗೆ ‘ಮಗಳೂರ್’ ಪ್ರಾಸ. ಕಾರಣ ಒಂದೂ ಇಲ್ಲ. ಆದರೂ ಇಷ್ಟು ವರ್ಷ ಜನರ ಬಾಯಲ್ಲಿ ಉಳಿದಿದೆ.

ಅವತ್ತಿನಿಂದ ನಾವು ನಾಲ್ಕು ಜನ ಪ್ರತಿ ಶನಿವಾರ ಕ್ಲಾಸು ಮುಗಿದ ಮೇಲೆ ಕೂರುತ್ತಿದ್ದೆವು. ಪೇಪರಿನ ಸಂಪಾದಕೀಯ, ಓದುಗರ ಪತ್ರ, ಕಾಫಿ ಪುಡಿಯ ಜಾಹೀರಾತು, ಗೋಡೆಗೆ ಅಂಟಿಸಿದ ಕರಪತ್ರ, ಏನು ಸಿಕ್ಕರೂ ಸರಿ. ಅದು ಓದುಗರನ್ನು ಹೇಗೆ ಒಪ್ಪಿಸುತ್ತದೆ ಅಂತ ಒಂದು ಪುಟ ಬರೆಯುವುದು. ಆಮೇಲೆ ನೋಟ್‌ಬುಕ್ ಅದಲುಬದಲು. ಪೆನ್ಸಿಲಿನಲ್ಲೇ ಗುರುತು ಹಾಕಬೇಕು. ಮೊದಲು ಇಷ್ಟವಾದ ಒಂದು ಸಾಲು, ಆಮೇಲೆ ಒಂದು ಪ್ರಶ್ನೆ. ಮುಂದಿನ ಶನಿವಾರ ಅದನ್ನೇ ತಿದ್ದಿ ಬರೆದು ತರಬೇಕು. ತಿದ್ದಿ ಬರೆಯುವುದು ಬೇಜಾರಿನ ಕೆಲಸ, ಆದರೆ ನಾನು ಕಲಿತದ್ದೆಲ್ಲ ಅಲ್ಲೇ.

ಒಮ್ಮೆ ಕಾಡಾನೆಗಳ ಬಗ್ಗೆ ಒಂದು ಲೇಖನ ತಂದಿದ್ದೆವು. ಅದರಲ್ಲಿ ‘ಹಾವಳಿ’, ‘ಪುಂಡಾನೆ’, ‘ದಾಳಿ’ ಅಂತೆಲ್ಲ ಇತ್ತು. ‘ಲೇಖಕರು ಓದುಗರಲ್ಲಿ ಭಯ ಹುಟ್ಟಿಸುತ್ತಾರೆ’ ಅಂತ ನಾನು ಬರೆದೆ. ಚೆನ್ನಾಗಿ ಬರೆದಿದ್ದೇನೆ ಅಂತಲೇ ಅಂದುಕೊಂಡಿದ್ದೆ. ನನ್ನ ನೋಟ್‌ಬುಕ್ ಹೋದದ್ದು ಮೂಡಿಗೆರೆ ಕಡೆಯ ಗೆಳತಿಯ ಕೈಗೆ. ಅವಳು ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದಳು: ‘ಯಾವ ಪದ? ಯಾರಿಗೆ?’

ಅವಳ ಅಪ್ಪ ಅಮ್ಮ ತೋಟದ ಕೆಲಸಕ್ಕೆ ಹೋಗುವವರು. “ನಮ್ಮ ಮನೇಲಿ ಈ ಭಯ ಯಾರೂ ಹುಟ್ಟಿಸಬೇಕಾಗಿಲ್ಲ ಕಣೆ” ಅಂದಳು. “ಬೆಳಿಗ್ಗೆ ತೋಟಕ್ಕೆ ಇಳಿಯುವಾಗಲೇ ಇರುತ್ತೆ. ಪೇಟೆಯಲ್ಲಿ ಕೂತು ಓದುವವರಿಗೆ ಮಾತ್ರ ‘ಪುಂಡಾನೆ’ ಅನ್ನೋ ಪದ ಬೇಕು. ಹಾಗಂದರೆ ಆನೆ ಬೇಕಂತಲೇ ತಪ್ಪು ಮಾಡ್ತಿದೆ ಅನ್ಸುತ್ತೆ, ಅಲ್ವಾ?”

ನಾನು ಪೇಟೆಯ ಹುಡುಗಿ. ‘ಓದುಗರು’ ಅಂದಾಗ ನನ್ನಂಥವರನ್ನು ಮಾತ್ರ ನೆನೆದಿದ್ದೆ. ಆ ಪುಟವನ್ನು ಮೂರು ಸಲ ತಿದ್ದಿದೆ. ಭಾಷೆ ಒಂದೇ ಇದ್ದರೂ ಅದು ಒಬ್ಬೊಬ್ಬರ ಮೇಲೆ ಒಂದೊಂದು ಕೆಲಸ ಮಾಡುತ್ತದೆ ಅನ್ನುವುದು ಯಾವ ಪಾಠದಿಂದಲೂ ನನಗೆ ಅಷ್ಟು ಗಟ್ಟಿಯಾಗಿ ತಿಳಿದಿರಲಿಲ್ಲ. ಗುರುತು ಹಾಕಿದವಳು ನನ್ನ ಬೆಂಚಿನವಳೇ ಆಗಿದ್ದರಿಂದ ತಿಳಿಯಿತು ಅಂತ ಈಗಲೂ ನಂಬಿದ್ದೇನೆ.

ವರ್ಷದ ಕೊನೆಗೆ ಆಜಾದ್ ಪಾರ್ಕಿನಲ್ಲಿ ಒಂದು ಭಾಷಣ ಕೇಳಲು ಹೋದೆವು. ನಾಲ್ವರೂ ಬೇರೆ ಬೇರೆ ಕಡೆ ನಿಂತು, ಚಪ್ಪಾಳೆ ಬಿದ್ದ ಕಡೆಯೆಲ್ಲ ಬರೆದುಕೊಂಡೆವು. ನಾನು ಜೋರು ಮಾತುಗಳಿಗೆ ಚಪ್ಪಾಳೆ ಬೀಳುತ್ತದೆ ಅಂದುಕೊಂಡಿದ್ದೆ. ಎಲ್ಲಕ್ಕಿಂತ ಜಾಸ್ತಿ ಬಿದ್ದದ್ದು ಭಾಷಣಕಾರರು ತಮ್ಮ ತಾಯಿಯ ಬಗ್ಗೆ ಮೆಲ್ಲಗೆ ಹೇಳಿದ ಒಂದು ಸಾಲಿಗೆ. “ಅದು ನಿಜವಾದ ದುಃಖ” ಅಂದೆ ನಾನು. “ನಿಜವೇ ಇರಬಹುದು, ಆದರೆ ಇಲ್ಲಿಗೆ ಯಾಕೆ ತಂದರು?” ಅಂದಳು ಮೂಡಿಗೆರೆ ಗೆಳತಿ. ಬಸ್ ಸ್ಟ್ಯಾಂಡ್ ತನಕ ವಾದ ಮಾಡಿಕೊಂಡೇ ನಡೆದೆವು. ಮೂಡಿಗೆರೆ ಬಸ್ಸು ಹೊರಟಿತ್ತು. ಅವಳು ಹತ್ತಿ, ಕಿಟಕಿಯಿಂದ ನನ್ನ ನೋಟ್‌ಬುಕ್ ಕಸಿದುಕೊಂಡು, “ಶನಿವಾರ ಕೊಡ್ತೀನಿ” ಅಂತ ಕೂಗಿದಳು.