ವಾಸಕ್ಕೆ ಬಾರದ ಮನೆಗೂ ಕೌನ್ಸಿಲ್ ಟ್ಯಾಕ್ಸ್ ಕಟ್ಟಬೇಕಾ?

ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡು ರಿಪೇರಿಗೆ ಕೈಹಾಕಿದವರೆಲ್ಲ ಕೇಳುವ ಪ್ರಶ್ನೆ ಇದು. ಕೌನ್ಸಿಲ್ ಟ್ಯಾಕ್ಸ್ ಅಂದರೆ ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್ ಮನೆಗಳ ಮೇಲೆ ಹಾಕುವ ತೆರಿಗೆ. "ಅಡುಗೆಮನೆ ಕಿತ್ತು ಹಾಕಿದೆ, ನೀರಿಲ್ಲ, ಕರೆಂಟಿಲ್ಲ, ಮಳೆ ಬಂದರೆ ಮನೆಯೊಳಗೇ ಸುರಿಯುತ್ತೆ. ಇದಕ್ಕೂ ತೆರಿಗೆಯಾ?" ಬಹುಪಾಲು ಮನೆಗಳ ಮಟ್ಟಿಗೆ ಉತ್ತರ: ಹೌದು, ಕಟ್ಟಬೇಕು. ವರ್ಷಗಟ್ಟಲೆ ಖಾಲಿ ಬಿದ್ದ ಮನೆಯಾದರೆ ಎರಡರಷ್ಟೋ ಮೂರರಷ್ಟೋ ನಾಲ್ಕರಷ್ಟೋ ಕಟ್ಟಬೇಕಾಗಬಹುದು. ತೆರಿಗೆಯಿಂದ ಪೂರ್ತಿ ಹೊರಗುಳಿಯುವ ಮನೆಗಳೂ ಇವೆ, ಆದರೆ ಆ ಬಾಗಿಲು ಕಿರಿದು. (ಸ್ಕಾಟ್ಲೆಂಡ್, ವೇಲ್ಸ್‌ಗಳ ನಿಯಮ ಬೇರೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನದು ಮಾತ್ರ.)

2013ರ ಮಾರ್ಚ್ ಮುಗಿಯುವವರೆಗೆ ದೊಡ್ಡ ರಿಪೇರಿ ಬೇಕಾದ ಖಾಲಿ ಮನೆಗೆ ಹನ್ನೆರಡು ತಿಂಗಳವರೆಗೆ ವಿನಾಯಿತಿ ಹಕ್ಕಾಗಿ ಸಿಗುತ್ತಿತ್ತು. ಅದರ ಹೆಸರು ಕ್ಲಾಸ್ ಎ. ಅದನ್ನು ತೆಗೆದು, ರಿಯಾಯಿತಿ ಕೊಡುವುದು ಬಿಡುವುದು ಆಯಾ ಕೌನ್ಸಿಲ್‌ನ ಇಷ್ಟ ಎಂದು ಮಾಡಿದರು. ಈಗ ಅದು ಕ್ಲಾಸ್ ಡಿ. ಸೊನ್ನೆಯಿಂದ ನೂರು ಪರ್ಸೆಂಟ್‌ವರೆಗೆ ಎಷ್ಟು ಬೇಕಾದರೂ ಇರಬಹುದು, ಗರಿಷ್ಠ ಹನ್ನೆರಡು ತಿಂಗಳು. ಎಷ್ಟೋ ಕೌನ್ಸಿಲ್‌ಗಳು ಏನೂ ಕೊಡುವುದಿಲ್ಲ. ಆದ್ದರಿಂದ ಹಳೇ ಮಾಹಿತಿ ನಂಬಿಕೊಂಡು ಲೆಕ್ಕ ಹಾಕಬೇಡಿ. ಮನೆ ಕೊಳ್ಳುವ ಮೊದಲೇ ಆ ಕೌನ್ಸಿಲ್‌ನ ಈ ವರ್ಷದ ನಿಯಮ ನೋಡಿಕೊಳ್ಳಿ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಬಿಲ್ ಕಳಿಸುವುದು ಕೌನ್ಸಿಲ್. ಮನೆ ತೆರಿಗೆ ಪಟ್ಟಿಯಲ್ಲಿ ಇರಬೇಕೋ ಬೇಡವೋ ಎಂದು ತೀರ್ಮಾನಿಸುವುದು ವ್ಯಾಲ್ಯುಯೇಶನ್ ಆಫೀಸಿನ (ತೆರಿಗೆಗಾಗಿ ಮನೆಗಳ ಬೆಲೆ ಅಂದಾಜಿಸುವ ಸರ್ಕಾರಿ ಕಚೇರಿ) ಲಿಸ್ಟಿಂಗ್ ಆಫೀಸರ್. "ಮನೆ ಹಾಳಾಗಿದೆ, ಪಟ್ಟಿಯಿಂದ ತೆಗೆಯಿರಿ" ಎಂದು ಕೌನ್ಸಿಲ್‌ಗೆ ಎಷ್ಟು ಪತ್ರ ಬರೆದರೂ ಅವರಿಗೆ ಆ ಅಧಿಕಾರವೇ ಇಲ್ಲ. ರಿಯಾಯಿತಿ, ಹೆಚ್ಚುವರಿ ತೆರಿಗೆಯ ಮಾತು ಕೌನ್ಸಿಲ್ ಹತ್ತಿರ. ಪಟ್ಟಿಯಿಂದ ತೆಗೆಸುವ ಮಾತು ವ್ಯಾಲ್ಯುಯೇಶನ್ ಆಫೀಸಿನ ಹತ್ತಿರ.

ಲಿಸ್ಟಿಂಗ್ ಆಫೀಸರ್ ನೋಡುವುದೇನು? "ಇವತ್ತು ಇಲ್ಲಿ ಮಲಗಲು ಆಗುತ್ತದಾ" ಅಂತಲ್ಲ. 2011ರಲ್ಲಿ ಹೈಕೋರ್ಟ್ ವಿಲ್ಸನ್ ವರ್ಸಸ್ ಕಾಲ್ ಪ್ರಕರಣದಲ್ಲಿ ಅಳತೆಗೋಲು ಕೊಟ್ಟಿತು: ಕಟ್ಟಡ ಎಂಥದ್ದು ಎನ್ನುವುದನ್ನು ಗಮನದಲ್ಲಿಟ್ಟುಕೊಂಡು, ತಕ್ಕಮಟ್ಟಿನ ರಿಪೇರಿ ಮಾಡಿದರೆ ಅದು ಮನೆಯಾಗಿ ಬಳಕೆಗೆ ಬರುತ್ತದೆಯೇ? ಬರುತ್ತದೆ ಎಂದಾದರೆ ಪಟ್ಟಿಯಲ್ಲೇ ಉಳಿಯುತ್ತದೆ. ರಿಪೇರಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಛಾವಣಿಯನ್ನೇ ತೆಗೆದುಕೊಳ್ಳಿ. ಇಪ್ಪತ್ತು ಮೂವತ್ತು ಸ್ಲೇಟು ಜಾರಿ ಬಿದ್ದಿವೆ, ಒಳಗಿನ ಪ್ಲಾಸ್ಟರ್ ಕಪ್ಪಾಗಿ ಉದುರುತ್ತಿದೆ, ಆದರೆ ಮೇಲೆ ಹತ್ತಿ ನೋಡಿದರೆ ಜಂತೆ, ತೊಲೆ ಗಟ್ಟಿಯಾಗಿವೆ. ಇದು ರಿಪೇರಿ. ಅದೇ ಛಾವಣಿಯ ಜಂತೆಗಳು ಬೆರಳಿಟ್ಟರೆ ಪುಡಿಯಾಗುತ್ತಿವೆ, ಅವು ಕೂತಿದ್ದ ಗೋಡೆಯ ತಲೆಭಾಗ ಹೊರಕ್ಕೆ ವಾಲಿದೆ, ಮೇಲಿನ ಮಹಡಿಯ ನೆಲ ಕೆಳಗೆ ಕುಸಿದಿದೆ ಎಂದಾದರೆ ಅದು ರಿಪೇರಿಯಲ್ಲ, ಹೊಸದಾಗಿ ಕಟ್ಟುವುದು. ಅಡುಗೆಮನೆ ಇಲ್ಲದಿರುವುದು, ಬಾತ್‌ರೂಮ್ ಒಡೆದಿರುವುದು, ಹಳೇ ವೈರಿಂಗ್, ಬಾಯ್ಲರ್ ಇಲ್ಲ, ಗೋಡೆಗೆ ತೇವ ಹಿಡಿದಿದೆ: ಇವೆಲ್ಲ ಸೇರಿದರೂ ಸಾಮಾನ್ಯವಾಗಿ ಸಾಲುವುದಿಲ್ಲ. ಹೀಗಿದೆ ಎಂದು ಬ್ಯಾಂಡ್ (ತೆರಿಗೆ ಎಷ್ಟೆಂದು ನಿರ್ಧರಿಸುವ ಮನೆಬೆಲೆಯ ದರ್ಜೆ) ಇಳಿಸಿ ಎಂದು ಕೇಳಿದರೂ ಪ್ರಯೋಜನವಿಲ್ಲ. ಮನೆ ತಕ್ಕಮಟ್ಟಿಗೆ ಸುಸ್ಥಿತಿಯಲ್ಲಿದೆ ಎಂದು ಭಾವಿಸಿಯೇ, 1991ರ ಏಪ್ರಿಲ್ 1ರ ಬೆಲೆಯ ಮೇಲೆ ಬ್ಯಾಂಡ್ ಕಟ್ಟುತ್ತಾರೆ.

ಕೆಲಸ ನಡೆಯುತ್ತಿರುವ ಮನೆಗೆ ಇನ್ನೊಂದು ದಾರಿಯಿದೆ. 2017ರ ನ್ಯೂಬಿಗಿನ್ ವರ್ಸಸ್ ಮಾಂಕ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪುನರ್‌ನಿರ್ಮಾಣಕ್ಕಾಗಿ ಒಳಗೆಲ್ಲ ಕಿತ್ತುಹಾಕಿದ ಕಟ್ಟಡವನ್ನು ಬರೀ ರಿಪೇರಿಗೆ ಬಂದ ಕಟ್ಟಡದಂತೆ ನೋಡಬಾರದು ಎಂದಿತು. ಅದು ಆಫೀಸಿಗೆ ಸಂಬಂಧಿಸಿದ ಪ್ರಕರಣ. ಆದರೂ ಮನೆಗಳ ಅರ್ಜಿಯಲ್ಲೂ ಆ ತರ್ಕ ಮುಂದಿಡಬಹುದು. ಒಳಗೋಡೆ, ನೆಲ, ಸೀಲಿಂಗ್, ಪೈಪು, ವೈರು ಎಲ್ಲ ತೆಗೆದು ಬರೀ ಚಿಪ್ಪು ಉಳಿದಿರಬೇಕು, ಒಂದು ನಿರ್ದಿಷ್ಟ ಯೋಜನೆಯಂತೆ ಕೆಲಸ ನಿಜವಾಗಿ ಸಾಗುತ್ತಿರಬೇಕು.

ಅರ್ಜಿ ಗೆಲ್ಲುವುದು ದಾಖಲೆಯಿಂದ. ಕೆಲಸ ಶುರುಮಾಡುವ ಮೊದಲೇ, ತಾರೀಖು ಕಾಣುವಂತೆ ಪ್ರತಿ ಕೋಣೆಯ ಫೋಟೋ ತೆಗೆದಿಡಿ. ಒಮ್ಮೆ ದುರಸ್ತಿಯಾದ ಮೇಲೆ ಹಿಂದಿನ ಸ್ಥಿತಿ ತೋರಿಸಲು ಬೇರೆ ದಾರಿಯಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ವರದಿ, ಯಾವ ಭಾಗ ಉಳಿಯುತ್ತದೆ ಯಾವುದು ಹೋಗುತ್ತದೆ ಎಂಬ ಕೆಲಸದ ಪಟ್ಟಿ, ಬಿಲ್ಡಿಂಗ್ ಕಂಟ್ರೋಲ್ (ಕಟ್ಟಡ ನಿಯಮಗಳ ಪಾಲನೆ ನೋಡುವವರು) ಪತ್ರಗಳು ಜೊತೆಗಿರಲಿ. ವರದಿಯಲ್ಲಿ "ವಾಸಯೋಗ್ಯವಲ್ಲ" ಎಂದಷ್ಟೇ ಬರೆಸಿದರೆ ಕೆಲಸಕ್ಕೆ ಬಾರದು. ಯಾವ ಭಾಗ ರಿಪೇರಿಗೆ ಮೀರಿದೆ, ಏಕೆ, ಎಂದಿರಬೇಕು. ತೀರ್ಪು ಬರುವವರೆಗೆ ಬಿಲ್ ಕಟ್ಟುತ್ತಲೇ ಇರಿ. ನಿಲ್ಲಿಸಿದರೆ ಕೋರ್ಟ್ ಸಮನ್ಸ್ ಖರ್ಚು ತಲೆಮೇಲೆ ಬೀಳುತ್ತದೆ. ಗೆದ್ದರೆ ಹೆಚ್ಚು ಕಟ್ಟಿದ್ದು ವಾಪಸ್ ಬರುತ್ತದೆ. ಔಪಚಾರಿಕ ಅರ್ಜಿಯನ್ನು ಒಪ್ಪದಿದ್ದರೆ, ಆ ತೀರ್ಮಾನ ಬಂದ ಮೂರು ತಿಂಗಳೊಳಗೆ ಇಂಥ ತಕರಾರು ಕೇಳುವ ನ್ಯಾಯಮಂಡಳಿಯಾದ ವ್ಯಾಲ್ಯುಯೇಶನ್ ಟ್ರಿಬ್ಯುನಲ್‌ಗೆ ಹೋಗಬಹುದು.

ಇನ್ನು ಖಾಲಿ ಮನೆಯ ಹೆಚ್ಚುವರಿ ತೆರಿಗೆ. 2024ರ ಏಪ್ರಿಲ್‌ನಿಂದ, ಸಾಮಾನಿಲ್ಲದೆ ಒಂದು ವರ್ಷ ಖಾಲಿ ಬಿದ್ದ ಮನೆಗೆ ಕೌನ್ಸಿಲ್ ಇನ್ನೂ 100 ಪರ್ಸೆಂಟ್‌ವರೆಗೆ ಸೇರಿಸಬಹುದು. ಐದು ವರ್ಷವಾದರೆ 200, ಹತ್ತು ವರ್ಷವಾದರೆ 300. ಈ ಲೆಕ್ಕ ಮನೆಗೆ ಅಂಟಿಕೊಂಡದ್ದು, ಮಾಲೀಕರಿಗಲ್ಲ. ಹಿಂದಿನವರು ಒಂಬತ್ತು ವರ್ಷ ಖಾಲಿ ಬಿಟ್ಟಿದ್ದರೆ ನೀವು ಕೊಂಡ ದಿನ ಅದು ಸೊನ್ನೆಗೆ ಇಳಿಯುವುದಿಲ್ಲ. 2025ರ ಏಪ್ರಿಲ್‌ನಿಂದ ದೊಡ್ಡ ರಿಪೇರಿ ಬೇಕಾದ ಅಥವಾ ನಡೆಯುತ್ತಿರುವ ಮನೆಗೆ ಹನ್ನೆರಡು ತಿಂಗಳವರೆಗೆ ಈ ಹೆಚ್ಚುವರಿಯಿಂದ ಬಿಡುಗಡೆ ಇದೆ. ಮೂಲ ತೆರಿಗೆ ಮಾತ್ರ ಹಾಗೇ ಇರುತ್ತದೆ. ಇದನ್ನು ಕೇಳಿಯೇ ಪಡೆಯಿರಿ. ಮನೆಯೊಳಗೆ ಏನು ನಡೆಯುತ್ತಿದೆ ಎನ್ನುವುದು ಕೌನ್ಸಿಲ್‌ಗೆ ಹೇಗೆ ಗೊತ್ತಾಗಬೇಕು? ಹಾಗೆಂದು ಮಂಚ, ಸೋಫಾ ತಂದಿಟ್ಟು "ಖಾಲಿಯಿಲ್ಲ" ಎನ್ನಬೇಡಿ. ಆಗ ಎರಡನೇ ಮನೆ ಎಂದು ಎಣಿಸಿ, ಅದಕ್ಕೂ ಹೆಚ್ಚುವರಿ ಹಾಕುವ ಅಧಿಕಾರ ಅವರಿಗಿದೆ.

ಪಟ್ಟಿಯಿಂದ ಹೊರಬಂದ ಮೇಲೂ ಟಪಾಲಿನ ಮೇಲೆ ಕಣ್ಣಿರಲಿ. ಉಳಿದ ಕೆಲಸ ಮೂರು ತಿಂಗಳಲ್ಲಿ ಮುಗಿಯಬಹುದು ಎನಿಸಿದರೆ ಕೌನ್ಸಿಲ್ ಕಂಪ್ಲೀಶನ್ ನೋಟಿಸ್ ಕಳಿಸಬಹುದು. ಅದರಲ್ಲಿರುವ ತಾರೀಖಿನಿಂದ, ಕೆಲಸ ಮುಗಿದಿರಲಿ ಬಿಡಲಿ, ಮನೆ ಮುಗಿದಂತೆಯೇ ಲೆಕ್ಕ. ಆ ತಾರೀಖು ತಪ್ಪೆನಿಸಿದರೆ ಟ್ರಿಬ್ಯುನಲ್‌ಗೆ ಹೋಗಲು ಇರುವ ಸಮಯ, ನೋಟಿಸ್ ಜಾರಿಯಾದ ದಿನದಿಂದ 28 ದಿನ.