ಅನ್ನ ಬಿಡಬೇಕಾ ಸಾರ್?

ಪಾರ್ಕಿನಲ್ಲಿ ಬೆಳಿಗ್ಗೆ ವ್ಯಾಯಾಮ ಹೇಳಿಕೊಡುತ್ತೇನೆ. ಹೊಸದಾಗಿ ಬಂದವರು ಬೆವರು ಒರೆಸಿಕೊಳ್ಳುತ್ತಾ ಕೇಳುವ ಪ್ರಶ್ನೆ ಒಂದೇ: ‘ಹೊಟ್ಟೆ ಕರಗಬೇಕು ಅಂದ್ರೆ ಅನ್ನ ಬಿಡಬೇಕಾ ಸಾರ್?’ ಬೇಡ ಅಂದರೆ ನಂಬುವುದಿಲ್ಲ. ಎಷ್ಟೋ ಜನ ಅಷ್ಟರಲ್ಲಾಗಲೇ ಅನ್ನ ಬಿಟ್ಟು ಚಪಾತಿಗೋ ಮುದ್ದೆಗೋ ಹೋಗಿರುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಕಪ್ ಅನ್ನ, ಅಂದರೆ ಸುಮಾರು 150 ಗ್ರಾಂ, 200 ಕ್ಯಾಲೊರಿ. ಎರಡು ಕಪ್ಪಿಗೆ 400. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಹಿಡಿದರೆ 100 ಕ್ಯಾಲೊರಿ. ಮೇಲೆ ಒಂದು ಟೀ ಚಮಚ ಎಣ್ಣೆ ಸವರಿದರೆ ಇನ್ನೂ 40 ಸೇರಿತು. ಅಂಥ ಮೂರು ಚಪಾತಿ ತಿಂದವರು ಎರಡು ಕಪ್ ಅನ್ನ ತಿಂದವರಿಗಿಂತ ಜಾಸ್ತಿಯೇ ತಿಂದಿರುತ್ತಾರೆ. ರಾಗಿಯೂ ಅಷ್ಟೇ. ಅದರಲ್ಲಿ ನಾರು ಚೆನ್ನಾಗಿದೆ, 100 ಗ್ರಾಮಿಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಖಂಡಿತ ತಿನ್ನಿ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲೂ 320ರ ಆಸುಪಾಸು ಕ್ಯಾಲೊರಿ ಇದೆ. ಮಂಡ್ಯದ ಕಡೆಯ ದೊಡ್ಡ ಮುದ್ದೆ ಗದ್ದೆ ಕೆಲಸ ಮಾಡುವವರ ಊಟ. ಅದನ್ನೇ ನುಂಗಿ ಲ್ಯಾಪ್‌ಟಾಪ್ ಮುಂದೆ ಕೂತರೆ ರಾಗಿ ತಾನೇ ಏನು ಮಾಡೀತು?

ತಪ್ಪು ಇರುವುದು ಅನ್ನದಲ್ಲಲ್ಲ, ಅನ್ನದ ಪಕ್ಕ ಏನೂ ಇಲ್ಲದಿರುವುದರಲ್ಲಿ. ನಮ್ಮ ಮಾಮೂಲಿ ತಟ್ಟೆ ನೋಡಿ: ಅನ್ನದ ಗುಡ್ಡ, ಅದರ ಮೇಲೆ ತಿಳಿಸಾರು, ಅಂಚಿನಲ್ಲಿ ಒಂದು ಚಮಚ ಪಲ್ಯ, ಹಪ್ಪಳ. ನಾಲ್ಕು ಜನರ ಸಾರಿಗೆ ಒಂದು ಹಿಡಿ ತೊಗರಿಬೇಳೆ ಹಾಕಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ 400 ಗ್ರಾಂ ತರಕಾರಿ, 85 ಗ್ರಾಂ ಬೇಳೆಕಾಳು ಬೇಕು. ಧಾನ್ಯ 250 ಗ್ರಾಂ ಸಾಕು. ಅಂದರೆ ಧಾನ್ಯಕ್ಕಿಂತ ತರಕಾರಿಯೇ ಜಾಸ್ತಿ! ನಮ್ಮ ಮನೆಗಳಲ್ಲಿ ಇದು ಪೂರ್ತಿ ಉಲ್ಟಾ.

ಇದನ್ನು ಸರಿ ಮಾಡಲು ಕೀನ್ವಾ, ಆವಕಾಡೊ ಅಂತ ದುಡ್ಡು ಸುರಿಯಬೇಕಿಲ್ಲ. ಬಸ್ಸಾರಿನ ಬಸಿದ ಸೊಪ್ಪು-ಕಾಳಿನ ಪಲ್ಯವನ್ನು ಚಮಚದ ಬದಲು ಬಟ್ಟಲಲ್ಲಿ ಬಡಿಸಿಕೊಳ್ಳಿ. ಜೋಳದ ರೊಟ್ಟಿಯ ಜೊತೆ ಮಡಿಕೆಕಾಳು, ಹಸಿ ಸೌತೆಕಾಯಿ, ಮೆಂತ್ಯಸೊಪ್ಪು ಇಟ್ಟುಕೊಳ್ಳುವ ಉತ್ತರ ಕರ್ನಾಟಕದ ಊಟ ನನಗಂತೂ ಬಹಳ ಇಷ್ಟ. ರೊಟ್ಟಿಯ ಎಣಿಕೆ ಮಾತ್ರ ಕೈಮೀರಬಾರದು. ಮದುವೆ ಮನೆ ಎಲೆಗೆ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ಮನೆಯಲ್ಲೂ ಹಾಗೇ ತಿನ್ನಿ. ತರಕಾರಿ, ಕಾಳು ಮೊದಲು ಒಳಗೆ ಹೋದರೆ ರಕ್ತದಲ್ಲಿ ಸಕ್ಕರೆ ಏರುವುದು ನಿಧಾನವಾಗುತ್ತದೆ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುವ ಆಸೆಯೂ ತಾನಾಗೇ ಕಡಿಮೆಯಾಗುತ್ತದೆ.

ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ ಅಂದರೆ ಯಾರೂ ಅಳೆಯುವುದಿಲ್ಲ, ನಾನೂ ಅಳೆಯುವುದಿಲ್ಲ. ಅದಕ್ಕೆ ಪ್ಯಾಕೆಟ್ ಎಣಿಸಿ. ಪೋಷಣಾ ಸಂಸ್ಥೆಯ ಅದೇ ಸಲಹೆಯಲ್ಲಿ ದಿನಕ್ಕೆ 27 ಗ್ರಾಂ ಎಣ್ಣೆ-ತುಪ್ಪ ಅಂತಿದೆ. ಎರಡೂ ಸೇರಿ ತಿಂಗಳಿಗೆ ಒಬ್ಬರಿಗೆ ಒಂದು ಲೀಟರಿಗೂ ಕಡಿಮೆ ಆಯಿತು. ಕಿರಾಣಿ ಚೀಟಿ ತೆಗೆದು ನೋಡಿ, ಗೊತ್ತಾಗುತ್ತೆ. ಕಾಫಿ-ಟೀಗೆ ಹಾಕುವ ಸಕ್ಕರೆಯ ಬಗ್ಗೆ ಬೇರೆ ಹೇಳಬೇಕಿಲ್ಲ ಅಲ್ವಾ?

ಊಟ ಆದ ಮೇಲೆ ಹತ್ತು-ಹದಿನೈದು ನಿಮಿಷ ನಡೆಯಿರಿ. ಬಿರುಸಾಗಿ ಬೇಡ, ಮಾತಾಡಿಕೊಂಡು ಸಾಕು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ, ಅದಕ್ಕೆ ಇನ್ಸುಲಿನ್ ಹೆಚ್ಚು ಬೇಕಾಗುವುದಿಲ್ಲ. ಮಳೆ ಬಂದರೆ ಹಾಲ್‌ನಲ್ಲೇ ಓಡಾಡಿ. ಆದರೆ ಬರೀ ವಾಕಿಂಗ್ ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಿಮ್ ಬೇಡ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ಪುಷ್‌ಅಪ್. ಸುಲಭ ಆಯಿತು ಅನ್ನಿಸಿದ ದಿನ ಸಂಖ್ಯೆ ಏರಿಸಿ.

ಇಷ್ಟು ಹೇಳಿದ ಮೇಲೂ ಇನ್ನೊಂದು ಪ್ರಶ್ನೆ ಬರುತ್ತದೆ: ‘ಎಷ್ಟು ಕೆಜಿ ಇಳಿಯುತ್ತೆ?’ ತೂಕ ದಿನಾ ನೋಡಬೇಡಿ, ಉಪ್ಪು-ನೀರಿಗೇ ಅದು ಏರಿಳಿಯುತ್ತದೆ. ತಿಂಗಳಿಗೊಮ್ಮೆ ಟೇಪ್ ಹಿಡಿದು ಸೊಂಟ ಅಳೆಯಿರಿ, ಹೊಟ್ಟೆ ಒಳಗೆಳೆದುಕೊಳ್ಳದೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಇಳಿಸುವ ಕೆಲಸ ಇದೆ ಅಂತ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಅಳತೆ ಬದಲಾಯಿಸುವ ಮುಂಚೆ ಡಾಕ್ಟರನ್ನು ಕೇಳಿ. ಊಟ ಕಡಿಮೆಯಾಗಿ ಡೋಸ್ ಅಷ್ಟೇ ಉಳಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು.