ತಲೆಕೆಳಗಾಗಿ ಎಣಿಸಿದ ಎಂಟು ಔಟ್‌ಲೆಟ್‌ಗಳು

ದಾವಣಗೆರೆ
14 ಮೇ 2025, ಬುಧವಾರ, ರಾತ್ರಿ 10.40

ನಿನ್ನೆ ಸಂಜೆ ಕೃತ್ತಿಕೆ ಮಳೆ ಗುಡುಗು ಸಿಡಿಲಿನೊಂದಿಗೆ ಬಂತು. 6.52ಕ್ಕೆ ಹೋದ ಕರೆಂಟ್ ಮರಳಿದ್ದು 9 ಗಂಟೆ ದಾಟಿದ ಮೇಲೆ. ನಾನು ಮನೆಯ ಜಗುಲಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ, ಪತ್ತಿನ ಸಂಘದ ಕಂಪ್ಯೂಟರ್ ಕ್ಯಾಬಿನೆಟ್‌ನಲ್ಲಿ ಎರಡು ಯುಪಿಎಸ್ ಇವೆಯಲ್ಲ, ಅವು ನೋಡಿಕೊಳ್ಳುತ್ತವೆ ಎಂದು ನಿಶ್ಚಿಂತೆಯಿಂದ ಇದ್ದೆ.

ಬೆಳಿಗ್ಗೆ 8ಕ್ಕೆ ಸಂಘದ ಅಟೆಂಡರ್ ಫೋನ್ ಮಾಡಿದರು. ‘ಸರ್, ಕ್ಯಾಮೆರಾದ ಟಿ.ವಿ.ಯಲ್ಲಿ ಚಿತ್ರ ನಿಂತುಬಿಟ್ಟಿದೆ.’ ರೆಕಾರ್ಡರ್ ಹೆಪ್ಪುಗಟ್ಟಿದೆ, ಒಮ್ಮೆ ಆರಿಸಿ ಹಚ್ಚಿದರೆ ಸರಿಹೋಗುತ್ತದೆ. ಇಂಥದ್ದಕ್ಕೆಂದೇ ಕಳೆದ ವರ್ಷ ಕ್ಯಾಬಿನೆಟ್‌ಗೆ ಎಂಟು ಔಟ್‌ಲೆಟ್‌ಗಳ ಪಿಡಿಯು (ಪವರ್ ಡಿಸ್ಟ್ರಿಬ್ಯೂಷನ್ ಯುನಿಟ್) ಹಾಕಿಸಿದ್ದೆ. ಉದ್ದನೆಯ ಎಕ್ಸ್‌ಟೆನ್ಶನ್ ಬೋರ್ಡಿನಂತೆ ಕಾಣುತ್ತದೆ, ಆದರೆ ಅದಕ್ಕೆ ನೆಟ್‌ವರ್ಕ್ ಕೇಬಲ್ ಇದೆ. ಎಲ್ಲಿಂದಲಾದರೂ ಒಂದೊಂದೇ ಔಟ್‌ಲೆಟ್ ಅನ್ನು ಆರಿಸಬಹುದು, ಹಚ್ಚಬಹುದು. ಡೈರಿ ತೆರೆದೆ: ‘2 — ಕ್ಯಾಮೆರಾ ರೆಕಾರ್ಡರ್’. ಮನೆಯಿಂದಲೇ ಎರಡನ್ನು ಆರಿಸಿದೆ. ನನ್ನ ಪರದೆಯೂ ಅಲ್ಲಿಗೇ ನಿಂತಿತು.

ಕುಳಿತ ಕೊಂಬೆಯನ್ನೇ ಕಡಿದಿದ್ದೆ. ಆರಿದ್ದು ರೆಕಾರ್ಡರ್ ಅಲ್ಲ, ನೆಟ್‌ವರ್ಕ್ ಸ್ವಿಚ್, ಎಲ್ಲ ಯಂತ್ರಗಳ ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ. ಅದು ಆರಿದ ಮೇಲೆ ‘ಮತ್ತೆ ಹಚ್ಚು’ ಎಂದು ಪಿಡಿಯುಗೆ ಹೇಳುವ ದಾರಿಯೇ ಇರಲಿಲ್ಲ. ‘ಆರಿಸು’ ಎಂಬ ಆಜ್ಞೆಯ ಪಕ್ಕದಲ್ಲೇ ‘ಆರಿಸಿ ಹಚ್ಚು’ ಎಂಬ ಇನ್ನೊಂದು ಇರುತ್ತದೆ. ಅದನ್ನು ಕೊಟ್ಟಿದ್ದರೆ ಕೆಲವು ಸೆಕೆಂಡುಗಳ ನಂತರ ಪಿಡಿಯು ತಾನಾಗಿಯೇ ಹಚ್ಚುತ್ತಿತ್ತು, ದಾರಿ ತಪ್ಪಿದ್ದರೂ ಮನೆ ಸೇರುತ್ತಿದ್ದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಬೆರಳು ಮುಂದೆ ಹೋಗಿತ್ತು, ತಲೆ ಹಿಂದೆ ಉಳಿದಿತ್ತು. ಕಾಫಿ ಬಿಟ್ಟು ಬೈಕ್ ಹತ್ತಿದೆ.

ಕ್ಯಾಬಿನೆಟ್ ಬಾಗಿಲು ತೆರೆದು ಕೇಬಲ್‌ಗಳ ಗೊಂಚಲನ್ನು ಸರಿಸಿ ಟಾರ್ಚ್ ಬಿಟ್ಟಾಗ ತಿಳಿಯಿತು: ತಂತಿ ಮೇಲಿನಿಂದ ಬರಲೆಂದು ಪಿಡಿಯುವನ್ನು ತಲೆಕೆಳಗಾಗಿ ಕೂರಿಸಲಾಗಿದೆ. ಅದರ ಲೆಕ್ಕದಲ್ಲಿ 1 ಇರುವುದು ಕೆಳಗೆ, 8 ಮೇಲೆ. ನಾನು ಡೈರಿಯಲ್ಲಿ ಮೇಲಿನಿಂದ ಎಣಿಸಿ ಬರೆದಿದ್ದೆ. ನನ್ನ 2 ಅದರ 7, ನನ್ನ 7 ಅದರ 2. ಒಂಬತ್ತರಿಂದ ಕಳೆದರೆ ಸರಿಯಾದ ಉತ್ತರ. ಕೂರಿಸಿದವರನ್ನು ಬೈಯಲು ಬಾಯಿ ತೆರೆದೆ, ಕೂರಿಸಿದವನು ನಾನೇ ಎಂಬುದು ನೆನಪಾಗಿ ಮುಚ್ಚಿದೆ.

ಲ್ಯಾಪ್‌ಟಾಪ್ ಕೇಬಲನ್ನು ನೇರವಾಗಿ ಪಿಡಿಯುಗೆ ಚುಚ್ಚಿ ಸ್ವಿಚ್ ಹಚ್ಚಿದ ಮೇಲೆ ನಿಜವಾದ ತೊಂದರೆ ಕಂಡಿತು. ಲೆಕ್ಕಪತ್ರಗಳ ನಕಲು ಇಡುವ ಸ್ಟೋರೇಜ್ ಪೆಟ್ಟಿಗೆ ತನ್ನ ಎರಡು ಡಿಸ್ಕ್‌ಗಳನ್ನು ಒಂದಕ್ಕೊಂದು ತಾಳೆ ನೋಡುತ್ತ ಕುಳಿತಿತ್ತು. ಎಂದರೆ, ರಾತ್ರಿ ಅದು ಕ್ರಮವಾಗಿ ಮುಚ್ಚಿಕೊಂಡಿಲ್ಲ. ಕೆಲಸದ ನಡುವೆ ಯಾರೋ ಪ್ಲಗ್ ಕಿತ್ತಂತೆ ಸತ್ತಿದೆ. ಪಕ್ಕದ ಸರ್ವರ್ ಮಾತ್ರ ಶಿಸ್ತಾಗಿ ಮುಚ್ಚಿಕೊಂಡಿತ್ತು. ಎರಡಕ್ಕೂ ಕರೆಂಟ್ ಒಂದೇ 3 ಕೆವಿಎ ಯುಪಿಎಸ್‌ನಿಂದ. ಹಾಗಾದರೆ ಒಂದಕ್ಕೆ ಸುದ್ದಿ ಮುಟ್ಟಿತು, ಇನ್ನೊಂದಕ್ಕೆ ಏಕೆ ಮುಟ್ಟಲಿಲ್ಲ?

ನಾನು ಬಳಸುವುದು ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶ. ಎಲ್ಲರ ಬಾಯಲ್ಲಿ ‘ನಟ್’. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದ ಯಂತ್ರ ಪ್ರಧಾನ; ಇಲ್ಲಿ ಅದು ಸರ್ವರ್. ಸ್ಟೋರೇಜ್ ಪೆಟ್ಟಿಗೆಯಂಥ ಮಿಕ್ಕವು ನೆಟ್‌ವರ್ಕ್ ಮೂಲಕ, 3493ನೇ ಪೋರ್ಟ್‌ನಲ್ಲಿ, ಅದನ್ನು ಕೇಳಿಸಿಕೊಳ್ಳುವ ಸಹಾಯಕರು. (2022ರಲ್ಲಿ 2.8.0 ಆವೃತ್ತಿ ಬರುವವರೆಗೆ ಇವರನ್ನು ಯಜಮಾನ, ಗುಲಾಮ ಎನ್ನುತ್ತಿದ್ದರು. ಬದಲಾಯಿಸಿದ್ದು ಒಳ್ಳೆಯದಾಯಿತು.) ಬ್ಯಾಟರಿ ತಳ ಕಂಡಾಗ ಪ್ರಧಾನ ‘ಎಲ್ಲರೂ ಮುಚ್ಚಿಕೊಳ್ಳಿ’ ಎಂದು ಸಾರುತ್ತದೆ, ಸಹಾಯಕರು ಸಂಪರ್ಕ ಕಡಿದುಕೊಳ್ಳಲಿ ಎಂದು ಹೆಚ್ಚೆಂದರೆ 15 ಸೆಕೆಂಡು ಕಾಯುತ್ತದೆ, ನಂತರ ತಾನೂ ಮುಚ್ಚಿಕೊಂಡು ಯುಪಿಎಸ್‌ಗೆ ಕರೆಂಟ್ ಕಡಿಯಲು ಹೇಳುತ್ತದೆ.

ನಡುವೆ ಸುದ್ದಿ ನಿಂತರೂ ಸಹಾಯಕ ತೀರ ದಡ್ಡನಲ್ಲ. ‘ಬ್ಯಾಟರಿಯ ಮೇಲಿದ್ದೇವೆ’ ಎಂಬ ಸುದ್ದಿ ಬಂದ ಮೇಲೆ ಮೌನವಾದರೆ, ಕೆಟ್ಟದ್ದೇ ಆಗಿರಬೇಕೆಂದು ಊಹಿಸಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ನಿನ್ನೆ ಅದು ಕೇಳಿದ ಕೊನೆಯ ಮಾತು ‘ಕರೆಂಟ್ ಇದೆ, ಎಲ್ಲ ಕ್ಷೇಮ’. ಕ್ಷೇಮಸಮಾಚಾರದ ನಂತರ ಬರುವ ಮೌನವನ್ನು ಅದು ತಂತಿಯ ದೋಷವೆಂದಷ್ಟೇ ತಿಳಿಯುತ್ತದೆ. ಹಾಗೆ ತಿಳಿದು 38 ನಿಮಿಷ ಕೆಲಸ ಮುಂದುವರಿಸಿ, ಯುಪಿಎಸ್ ಕಡಿದಾಗ ಬಿದ್ದುಹೋಯಿತು.

ಕರೆಂಟ್ ಹೋದ ಕ್ಷಣದಲ್ಲೇ ಸ್ವಿಚ್ ಸತ್ತಿದ್ದರೆ ಮಾತ್ರ ಹೀಗಾಗುವುದು ಸಾಧ್ಯ. ಪಿಡಿಯುಗೂ, ಅದರಿಂದ ಸ್ವಿಚ್‌ಗೂ ಕರೆಂಟ್ ಕೊಡುತ್ತಿದ್ದುದು ಹಳೆಯ ಚಿಕ್ಕ ಯುಪಿಎಸ್. ಅದರ ಬ್ಯಾಟರಿಗೆ ಮೀಟರ್ ಹಿಡಿದೆ: 13.5 ವೋಲ್ಟ್. ನೋಡಲು ಆರೋಗ್ಯವಂತ. ಮುಖ್ಯ ಪ್ಲಗ್ ಕಿತ್ತು ಭಾರ ಹೊರಿಸಿದೆ. ಕಣ್ಣು ಮಿಟುಕಿಸುವುದರಲ್ಲಿ 10ಕ್ಕಿಂತ ಕೆಳಗೆ. ಚಾರ್ಜಿಂಗ್‌ನಲ್ಲಿರುವಾಗ ಕಾಣುವ ವೋಲ್ಟ್ ಚಾರ್ಜರ್‌ನದು, ಬ್ಯಾಟರಿಯದಲ್ಲ. ಹೊರತೆಗೆದರೆ ಹೊಟ್ಟೆ ಉಬ್ಬಿತ್ತು. ಈ ಸೀಲ್ ಮಾಡಿದ ಬ್ಯಾಟರಿಗಳ ಆಯಸ್ಸನ್ನು ಲೆಕ್ಕ ಹಾಕುವುದು 25 ಡಿಗ್ರಿಗೆ. ಅದಕ್ಕಿಂತ ಪ್ರತಿ 10 ಡಿಗ್ರಿ ಹೆಚ್ಚಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ನಮ್ಮೂರಿನ ಏಪ್ರಿಲ್, ಮೇ ತಿಂಗಳಲ್ಲಿ ಬಾಗಿಲು ಮುಚ್ಚಿದ ಕಬ್ಬಿಣದ ಕ್ಯಾಬಿನೆಟ್ ಒಳಗೆ ಎಷ್ಟಿರುತ್ತದೆಂದು ಕೈ ಹಾಕಿದವರಿಗೆ ಗೊತ್ತು.

ಮಧ್ಯಾಹ್ನವೆಲ್ಲ ಮರುಜೋಡಣೆ. ಪಿಡಿಯುವನ್ನು ದೊಡ್ಡ ಯುಪಿಎಸ್‌ಗೆ ಸೇರಿಸಿದೆ. ಸುದ್ದಿ ಹೊರುವ ಸ್ವಿಚ್ ಸುದ್ದಿ ಕೇಳುವವರಿಗಿಂತ ಮೊದಲು ಸಾಯಕೂಡದು. ಅಷ್ಟಾದರೆ ಉಳಿದದ್ದೆಲ್ಲ ಹೊಂದಾಣಿಕೆ. ಕರೆಂಟ್ ಹೋಗಿ 2 ನಿಮಿಷವಾದರೆ ಅಷ್ಟೇನೂ ಮುಖ್ಯವಲ್ಲದ ಔಟ್‌ಲೆಟ್‌ಗಳು ಆರಬೇಕು; ಅಷ್ಟರೊಳಗೆ ಬಂದರೆ ಟೈಮರ್ ರದ್ದು. ಯುಪಿಎಸ್ ಕಡಿಯುವ ಮುನ್ನ ಕಾಯುವ ಸಮಯ 20 ಸೆಕೆಂಡು ಇತ್ತು, 120 ಮಾಡಿದೆ. ಏಕೆಂದರೆ ಸ್ಟೋರೇಜ್ ಪೆಟ್ಟಿಗೆ ಸಂಪರ್ಕ ಬೇಗ ಕಡಿದುಕೊಂಡರೂ ಪೂರ್ತಿ ಮುಚ್ಚಿಕೊಳ್ಳಲು ಒಂದೂವರೆ ನಿಮಿಷ ತೆಗೆದುಕೊಳ್ಳುತ್ತದೆ.

ಕಡಿಯುವ ಹೊತ್ತಿಗೆ ಕರೆಂಟ್ ಮರಳಿ ಬಂದಿದ್ದರೂ ಯುಪಿಎಸ್ ಒಮ್ಮೆ ಕಡಿಯಲೇಬೇಕು. ಇದನ್ನು ಕಾರ್ಯದರ್ಶಿಗಳಿಗೆ ಒಪ್ಪಿಸುವಷ್ಟರಲ್ಲಿ ಸಾಕಾಯಿತು. ‘ಕರೆಂಟ್ ಬಂದ ಮೇಲೂ ಏಕೆ ತೆಗೆಯುತ್ತೀರಿ?’ ಎಂದರು. ಮುಚ್ಚಿಕೊಂಡ ಯಂತ್ರ ತಾನಾಗಿ ಏಳುವುದು ಕರೆಂಟ್ ಹೋಗಿ ಬಂದದ್ದನ್ನು ಕಂಡಾಗ ಮಾತ್ರ. ಹೋಗದೇ ಇದ್ದರೆ, ದೀಪ ಉರಿಯುವ ಕೋಣೆಯಲ್ಲಿ ಅದು ಬೆಳಗಿನವರೆಗೂ ಮಲಗಿರುತ್ತದೆ.

ಏಳುವಾಗಲೂ ಸರದಿ ಬೇಕು: ಮೊದಲು ಸ್ವಿಚ್, 60 ಸೆಕೆಂಡಿಗೆ ಸ್ಟೋರೇಜ್, 180ಕ್ಕೆ ಸರ್ವರ್. ಅಪ್ಪ ಇಲ್ಲಿಯ ಹತ್ತಿ ಗಿರಣಿಯಲ್ಲಿದ್ದಾಗ ಹೇಳುತ್ತಿದ್ದರು, ಕರೆಂಟ್ ಬಂದ ಕೂಡಲೇ ಎಲ್ಲ ಮೋಟಾರ್‌ಗಳನ್ನು ಒಟ್ಟಿಗೆ ಹಾಕಿದವನಿಗೆ ಮೇಸ್ತ್ರಿಯ ಬೈಗುಳ ಖಚಿತವೆಂದು. ಒಟ್ಟಿಗೆ ಎದ್ದರೆ ಒಟ್ಟಿಗೆ ಎಳೆಯುತ್ತವೆ, ಫ್ಯೂಸ್ ಹೋಗುತ್ತದೆ. ಗಿರಣಿಗಳು ಮುಚ್ಚಿದವು, ಆ ಬೈಗುಳ ಪಿಡಿಯು ಒಳಗೆ ಸೇರಿಕೊಂಡಿದೆ.

ಸಂಜೆ 6ಕ್ಕೆ ಕೌಂಟರ್ ಮುಚ್ಚಿದ ಮೇಲೆ ಪರೀಕ್ಷೆ. ಹೊಸ ಪಟ್ಟಿಯಲ್ಲಿ ಏಳು ಔಟ್‌ಲೆಟ್‌ಗಳಿಗೆ ಹೆಸರಿತ್ತು. ನಾಲ್ಕನೆಯದರ ಎದುರು ‘ತಿಳಿಯದು, 3 ವಾಟ್’ ಎಂದು ಬರೆದಿದ್ದೆ. ಅದರ ತಂತಿ ಗೋಡೆಯೊಳಗಿನ ಪೈಪ್‌ನಲ್ಲಿ ಮರೆಯಾಗುತ್ತಿತ್ತು. ತಿಳಿಯದ್ದೆಲ್ಲ ಮೊದಲು ಆರುವ ಗುಂಪಿಗೆ. ಕರೆಂಟ್ ಹೋದಂತಾಗಲೆಂದು ಎಂಸಿಬಿ ಇಳಿಸಿದೆ. 2 ನಿಮಿಷಕ್ಕೆ ಪಿಡಿಯು ಕಟಕಟನೆ ಸದ್ದು ಮಾಡಿತು. ಒಳಗಿನಿಂದ ಅಟೆಂಡರ್ ಓಡಿಬಂದರು.

‘ಸರ್, ದೇವರ ದೀಪ ಆರಿಹೋಯಿತು!’

ಕಾರ್ಯದರ್ಶಿಗಳ ಕೋಣೆಯಲ್ಲಿ ಲಕ್ಷ್ಮಿಯ ಫೋಟೋ ಮುಂದಿರುವ ಪುಟ್ಟ ಎಲ್‌ಇಡಿ ದೀಪ. ಕರೆಂಟ್ ಹೋದರೂ ಆರಬಾರದೆಂದು ಅವರೇ ತಂತಿ ಎಳೆಸಿದ್ದರಂತೆ.

ಉಳಿದ ಪರೀಕ್ಷೆ ಸರಿಯಾಗಿ ಮುಗಿಯಿತು. ಸ್ಟೋರೇಜ್ 85 ಸೆಕೆಂಡಿನಲ್ಲಿ ಮುಚ್ಚಿಕೊಂಡಿತು, ಸರದಿಯಂತೆ ಎಲ್ಲವೂ ಎದ್ದವು. ನಾಳೆ ಬ್ಯಾಟರಿ ಅಂಗಡಿಗೆ ಹೋಗಬೇಕು. ಹೊರಡುವ ಮುನ್ನ ಪಟ್ಟಿ ತಿದ್ದಿ ಬಾಗಿಲ ಒಳಗೆ ಅಂಟಿಸಿದೆ, ಈ ಸಲ ಕೆಳಗಿನಿಂದ ಎಣಿಸಿ. ‘4 — ದೇವರ ದೀಪ, 3 ವಾಟ್. ಸ್ವಿಚ್ ಜೊತೆಗೇ, ಕೊನೆಯಲ್ಲಿ.’